ಟ್ರೇಲರ್ ಎಳೆಯುವ ಪಿಕಪ್‌ಗೆ ಯಾವ ಎಂಜಿನ್?

ಅಮೆರಿಕದಲ್ಲಿ ಪಿಕಪ್ ಟ್ರಕ್ ಕೊಳ್ಳಲು ಹೊರಟವರಿಗೆ ಒಂದೇ ಮಾದರಿಯಲ್ಲಿ ಮೂರು ನಾಲ್ಕು ಎಂಜಿನ್‌ಗಳು ಎದುರಾಗುತ್ತವೆ. ಫೋರ್ಡ್ ಎಫ್-150ರಲ್ಲಿ 2.7 ಲೀಟರ್ ಟರ್ಬೊ ವಿ6, 5.0 ಲೀಟರ್ ವಿ8, 3.5 ಲೀಟರ್ ಟರ್ಬೊ ವಿ6 ಮತ್ತು ಅದರದೇ ಹೈಬ್ರಿಡ್ ರೂಪ ಇವೆ. ಷೆವರ್ಲೆ ಸಿಲ್ವರಾಡೊ 1500ರಲ್ಲಿ ನಾಲ್ಕು ಸಿಲಿಂಡರಿನ 2.7 ಲೀಟರ್ ಟರ್ಬೊ, 5.3 ಮತ್ತು 6.2 ಲೀಟರಿನ ಎರಡು ವಿ8 ಹಾಗೂ 3.0 ಲೀಟರ್ ಡೀಸೆಲ್ ಇವೆ. ಕ್ಯಾಂಪಿಂಗ್ ಟ್ರೇಲರನ್ನೋ ದೋಣಿಯನ್ನೋ ಎಳೆದುಕೊಂಡು ರಜೆಗೆ ಹೋಗುವ ಆಸೆಯಿಂದ ಮೊದಲ ಬಾರಿಗೆ ಪಿಕಪ್ ನೋಡುತ್ತಿರುವ ಅಲ್ಲಿನ ಕನ್ನಡಿಗ ಕುಟುಂಬಗಳಿಗೆ ಈ ಆಯ್ಕೆ ಇನ್ನೂ ಕಷ್ಟವಾಗುತ್ತದೆ. ನಮ್ಮೂರಿನಲ್ಲಿ ಪಿಕಪ್ ಎಂದರೆ ಬೆನ್ನ ಮೇಲೆ ಸರಕು ಹೊರುವ ವಾಹನ. ಹಿಂದೆ ಮೂರು ಟನ್ ಭಾರವನ್ನು ಕಟ್ಟಿಕೊಂಡು ಬೆಟ್ಟ ಹತ್ತುವ ವಾಹನವನ್ನು ಆರಿಸಿದ ಅನುಭವ ಹೆಚ್ಚಿನವರಿಗೆ ಇರುವುದಿಲ್ಲ, ಮತ್ತು ‘ಮೈಲೇಜ್ ಎಷ್ಟು ಕೊಡುತ್ತದೆ’ ಎಂದು ಕೇಳಿ ಕಾರು ಕೊಂಡ ಅಭ್ಯಾಸ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ನೆರವಾಗುತ್ತದೆ.

ಎಂಜಿನ್‌ಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಆಯ್ಕೆ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಖಾಲಿ ಓಡುವಾಗ ಇಂಧನ ಉಳಿಸುವ ಎಂಜಿನ್ ಭಾರ ಎಳೆಯುವಾಗಲೂ ಉಳಿಸುತ್ತದೆ ಎಂಬ ಭರವಸೆಯಿಲ್ಲ, ಮತ್ತು ಜಾಹೀರಾತಿನಲ್ಲಿ ಕಾಣುವ ಎಳೆಯುವ ಸಾಮರ್ಥ್ಯ ನೀವು ಮನೆಗೆ ತರುವ ಟ್ರಕ್ಕಿಗೆ ಬಹಳ ಸಲ ಅನ್ವಯಿಸುವುದೇ ಇಲ್ಲ. ಟ್ರೇಲರಿನ ನಿಜವಾದ ತೂಕ ಎಷ್ಟು, ನೀವು ಹತ್ತಬೇಕಾದ ಅತ್ಯಂತ ಕಠಿಣವಾದ ಏರು ಯಾವುದು, ವರ್ಷದಲ್ಲಿ ಎಷ್ಟು ಮೈಲು ಖಾಲಿ ಓಡಿಸುತ್ತೀರಿ ಮತ್ತು ಎಷ್ಟು ಮೈಲು ಭಾರದೊಂದಿಗೆ ಓಡಿಸುತ್ತೀರಿ ಎಂಬ ಮೂರು ಸಂಗತಿಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಇವು ಗೊತ್ತಾದ ಮೇಲೆ ಹೆಚ್ಚಿನ ಎಂಜಿನ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಬೀಳುತ್ತವೆ.

ಮೊದಲು ತೂಕ

ಟ್ರೇಲರ್ ಮಾರುವವರು ಹೇಳುವ ‘ಡ್ರೈ ವೆಯ್ಟ್’ ಅನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿ ನೀರು, ಪಾತ್ರೆ, ಹಾಸಿಗೆ, ಆಹಾರ ಯಾವುದೂ ಸೇರಿರುವುದಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 40 ಗ್ಯಾಲನ್ನಿನ ಟ್ಯಾಂಕ್ ತುಂಬಿಸಿದರೆ ಅಷ್ಟಕ್ಕೇ 330 ಪೌಂಡ್ ಸೇರುತ್ತದೆ. ಟ್ರೇಲರಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಅದರ ಗರಿಷ್ಠ ಒಟ್ಟು ತೂಕ ನಮೂದಾಗಿರುತ್ತದೆ, ಆ ಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳಿ. ಡ್ರೈ ವೆಯ್ಟ್ 5,500 ಪೌಂಡ್ ಇರುವ ಟ್ರೇಲರಿನ ಗರಿಷ್ಠ ತೂಕ 7,500 ಪೌಂಡ್, ಅಂದರೆ ಸುಮಾರು 3,400 ಕಿಲೊ, ಇರುವುದು ಅಪರೂಪವಲ್ಲ.

ಈ ತೂಕವೆಲ್ಲ ಟ್ರೇಲರಿನ ಚಕ್ರಗಳ ಮೇಲೆಯೇ ಕೂರುವುದಿಲ್ಲ. ಅದರ 10ರಿಂದ 15 ಪ್ರತಿಶತ ಭಾಗ ಟ್ರೇಲರಿನ ಮುಂತುದಿಯ ಮೂಲಕ ಟ್ರಕ್ಕಿನ ಹಿಚ್ (ಟ್ರೇಲರನ್ನು ಸಿಕ್ಕಿಸುವ ಹಿಂಬದಿಯ ಕೊಂಡಿ) ಮೇಲೆ ಬೀಳುತ್ತದೆ ಮತ್ತು ಬೀಳಲೇಬೇಕು. ಎತ್ತಿನ ಗಾಡಿಯಲ್ಲಿ ಹೇರು ಹಿಂದಾದರೆ ಮೂಕಿ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ ಎಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಚ್ ಮೇಲಿನ ಭಾರ 10 ಪ್ರತಿಶತಕ್ಕಿಂತ ಕಡಿಮೆಯಾದಾಗ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಅತ್ತಿತ್ತ ತೂಗಾಡತೊಡಗುತ್ತದೆ. ಆ ತೂಗಾಟವನ್ನು ಯಾವ ಶಕ್ತಿಶಾಲಿ ಎಂಜಿನ್ನೂ ನಿಲ್ಲಿಸಲಾರದು.

ಈಗ ಟ್ರಕ್ಕಿನ ಚಾಲಕನ ಬಾಗಿಲನ್ನು ತೆರೆದು ಅದರ ಚೌಕಟ್ಟಿನ ಮೇಲಿರುವ ಹಳದಿ-ಬಿಳಿ ಚೀಟಿಯನ್ನು ಓದಿ. ಪ್ರಯಾಣಿಕರು ಮತ್ತು ಸರಕು ಸೇರಿ ಇಷ್ಟು ತೂಕ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ, ಇದೇ ಪೇಲೋಡ್. ಕುಟುಂಬಗಳು ಕೊಳ್ಳುವ ನಾಲ್ಕು ಬಾಗಿಲಿನ, ಫೋರ್-ವೀಲ್ ಡ್ರೈವ್ ಇರುವ ಅರ್ಧ ಟನ್ ವರ್ಗದ (ಎಫ್-150, ಸಿಲ್ವರಾಡೊ 1500ರಂತಹ) ಪಿಕಪ್‌ಗಳಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 1,300ರಿಂದ 1,900 ಪೌಂಡ್‌ಗಳ ನಡುವೆ ಇರುತ್ತದೆ. ಮೇಲಿನ 7,500 ಪೌಂಡಿನ ಟ್ರೇಲರನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. 13 ಪ್ರತಿಶತದಂತೆ ಹಿಚ್ ಮೇಲೆ 975 ಪೌಂಡ್ ಬೀಳುತ್ತದೆ. ನಾಲ್ವರ ಕುಟುಂಬಕ್ಕೆ 600, ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ವಿಶೇಷ ಹಿಚ್‌ಗೆ 100, ಹಿಂದಿನ ತೊಟ್ಟಿಯಲ್ಲಿಟ್ಟ ಸೈಕಲ್, ಐಸ್ ಪೆಟ್ಟಿಗೆ, ಜನರೇಟರ್‌ಗಳಿಗೆ 150 ಸೇರಿಸಿದರೆ 1,825 ಪೌಂಡ್ ಆಗುತ್ತದೆ. ಬಾಗಿಲಿನ ಚೀಟಿ 1,600 ಎಂದು ಹೇಳುತ್ತಿದ್ದರೆ, ಆ ಟ್ರಕ್ಕಿನ ಎಳೆಯುವ ಸಾಮರ್ಥ್ಯ 11,000 ಪೌಂಡ್ ಎಂದು ಕರಪತ್ರದಲ್ಲಿ ಅಚ್ಚಾಗಿದ್ದರೂ ಅದು ಈ ಟ್ರೇಲರಿಗೆ ಸಾಲದು. ಎಂಜಿನ್ ಸೋಲುವುದಕ್ಕೆ ಬಹಳ ಮೊದಲೇ ಹಿಂದಿನ ಆಕ್ಸಲ್, ಟೈರು ಮತ್ತು ಸ್ಪ್ರಿಂಗ್‌ಗಳು ತಮ್ಮ ಮಿತಿ ಮುಟ್ಟಿರುತ್ತವೆ.

ಎಂಜಿನ್ ಆಯ್ಕೆಯ ಬರಹದಲ್ಲಿ ಪೇಲೋಡಿಗೆ ಇಷ್ಟು ಜಾಗ ಕೊಡಲು ಕಾರಣವಿದೆ. ಹೈಬ್ರಿಡ್ ವ್ಯವಸ್ಥೆಯ ಬ್ಯಾಟರಿ ಮತ್ತು ಮೋಟರ್, ಡೀಸೆಲ್ ಎಂಜಿನ್ನಿನ ಗಟ್ಟಿ ಕಟ್ಟಡ ಮತ್ತು ಹೊಗೆ ಶುದ್ಧೀಕರಣದ ಉಪಕರಣಗಳು ಟ್ರಕ್ಕಿನ ಸ್ವಂತ ತೂಕವನ್ನು ಹೆಚ್ಚಿಸುತ್ತವೆ, ಮತ್ತು ಹೆಚ್ಚಿದ ಪ್ರತಿ ಪೌಂಡೂ ಪೇಲೋಡಿನಿಂದ ಕಳೆಯುತ್ತದೆ. ದುಬಾರಿ ಆವೃತ್ತಿಗಳ ಗಾಜಿನ ಛಾವಣಿ, ವಿದ್ಯುತ್ ಆಸನಗಳು, ಮಡಚುವ ಮೆಟ್ಟಿಲುಗಳು ಕೂಡ ಇದನ್ನೇ ಮಾಡುತ್ತವೆ. ಹಾಗಾಗಿ ಹೆಚ್ಚು ಟಾರ್ಕ್ (ತಿರುಗಿಸುವ ಬಲ) ಇರುವ ಎಂಜಿನ್ನಿಗೆ ಹೆಚ್ಚು ಹಣ ಕೊಟ್ಟು, ಕೊನೆಗೆ ಕಡಿಮೆ ಭಾರದ ಟ್ರೇಲರನ್ನು ಮಾತ್ರ ಎಳೆಯಲು ಅರ್ಹವಾದ ಟ್ರಕ್ಕನ್ನು ಮನೆಗೆ ತರುವುದು ಸಾಧ್ಯ. ಒಂದೇ ಮಾದರಿ, ಒಂದೇ ಎಂಜಿನ್ ಆಗಿದ್ದರೂ ಎರಡು ಟ್ರಕ್ಕುಗಳ ಚೀಟಿಗಳು ಬೇರೆಯಾಗಿರುತ್ತವೆಯಾದ್ದರಿಂದ, ಮಾರಾಟಗಾರರ ಅಂಗಳದಲ್ಲಿ ನಿಂತಿರುವ ಆ ನಿರ್ದಿಷ್ಟ ಟ್ರಕ್ಕಿನ ಚೀಟಿಯನ್ನೇ ನೋಡಬೇಕು.

ಏರಿಗೆ ಬೇಕಾದ ಶಕ್ತಿ

ಕಂಪನಿಗಳು ಘೋಷಿಸುವ ಎಳೆಯುವ ಸಾಮರ್ಥ್ಯ ಈಗ ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ನಿಗದಿಯಾಗುತ್ತದೆ. ಟೊಯೊಟಾ ಇದನ್ನು 2011ರ ಮಾದರಿಗಳಿಂದ ಅನುಸರಿಸಿತು, ಡೆಟ್ರಾಯಿಟ್‌ನ ಮೂರು ದೊಡ್ಡ ಕಂಪನಿಗಳು ತಮ್ಮ ಅರ್ಧ ಟನ್ ಪಿಕಪ್‌ಗಳಿಗೆ 2015ರ ಹೊತ್ತಿಗೆ ಒಪ್ಪಿಕೊಂಡವು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯಿಂದ ಮೇಲೇರುವ ಸ್ಟೇಟ್ ರೂಟ್ 68 ಈ ಪರೀಕ್ಷೆಯ ಮಾದರಿ ರಸ್ತೆ. ಸುಮಾರು 12 ಮೈಲಿನಲ್ಲಿ ಸುಮಾರು 3,000 ಅಡಿ ಏರುವ ಆ ದಾರಿಯನ್ನು, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಎಸಿಯನ್ನು ಪೂರ್ಣ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದ ವೇಗದಲ್ಲಿ ಹತ್ತಬೇಕು. ಇದು ಕಠಿಣವಾದ, ಪ್ರಾಮಾಣಿಕವಾದ ಪರೀಕ್ಷೆ. ಆದರೆ ಅದು ತಲಾ 150 ಪೌಂಡಿನ ಇಬ್ಬರು ಮಾತ್ರ ಟ್ರಕ್ಕಿನಲ್ಲಿ ಕುಳಿತಿದ್ದಾರೆಂದು ಊಹಿಸುತ್ತದೆ, ಮತ್ತು ಆ ಇಡೀ ದಾರಿ ಸಮುದ್ರಮಟ್ಟದಿಂದ 4,000 ಅಡಿಯೊಳಗೇ ಮುಗಿಯುತ್ತದೆ. ಈ ಎರಡನೆಯ ಸಂಗತಿ ರಾಕಿ ಪರ್ವತಗಳ ಕಡೆಗೆ ಹೋಗುವವರಿಗೆ ಬಹಳ ಮುಖ್ಯ.

ನಮ್ಮ 7,500 ಪೌಂಡಿನ ಟ್ರೇಲರ್ ಮತ್ತು ಜನರೂ ಸರಕೂ ಸೇರಿ 6,500 ಪೌಂಡ್ ತೂಗುವ ಟ್ರಕ್ ಒಟ್ಟು 14,000 ಪೌಂಡ್ ಆಗುತ್ತವೆ. ಇವನ್ನು 6 ಪ್ರತಿಶತ ಏರಿನಲ್ಲಿ ಗಂಟೆಗೆ 60 ಮೈಲು ವೇಗದಲ್ಲಿ ಎಳೆಯಲು, ಏರನ್ನು ಗೆಲ್ಲುವುದಕ್ಕೆ ಮಾತ್ರವೇ ಚಕ್ರಗಳಲ್ಲಿ ಸುಮಾರು 135 ಅಶ್ವಶಕ್ತಿ ಬೇಕು. ಎತ್ತರದ ಕ್ಯಾಂಪರಿನ ಚಪ್ಪಟೆ ಮುಖಕ್ಕೆ ಬಡಿಯುವ ಗಾಳಿ ಮತ್ತು ಟೈರುಗಳ ಉರುಳುವ ಘರ್ಷಣೆಗೆ ಇನ್ನೂ ನೂರರಷ್ಟು ಬೇಕಾಗುತ್ತದೆ. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಎಂಜಿನ್ ಸುಮಾರು 265 ಅಶ್ವಶಕ್ತಿಯನ್ನು ನಿಮಿಷಗಟ್ಟಲೆ, ಬಿಡುವಿಲ್ಲದೆ ಕೊಡಬೇಕು. ಅದೇ ಏರನ್ನು ಗಂಟೆಗೆ 45 ಮೈಲಿನಲ್ಲಿ ಹತ್ತಿದರೆ ಚಕ್ರಗಳಲ್ಲಿ 150 ಅಶ್ವಶಕ್ತಿ ಸಾಕಾಗುತ್ತದೆ. ಈ ಲೆಕ್ಕದಲ್ಲಿ ಗಾಳಿಯ ಪ್ರತಿರೋಧವನ್ನು ನಾನು ಅಂದಾಜಿನಿಂದ ಹಿಡಿದಿದ್ದೇನೆ. ಟ್ರೇಲರಿನ ಆಕಾರಕ್ಕೆ ತಕ್ಕಂತೆ ಅದು ಸ್ವಲ್ಪ ಹೆಚ್ಚು ಕಡಿಮೆಯಾದೀತು.

ಸಮತಟ್ಟಾದ ಟೆಕ್ಸಸ್‌ನಲ್ಲೋ ಫ್ಲಾರಿಡಾದಲ್ಲೋ ಇರುವವರು ಈ ಸಂಖ್ಯೆಗಳನ್ನು ನೋಡಿ ನೆಮ್ಮದಿಯಿಂದ ಇರಬಹುದು, ಏಕೆಂದರೆ ಇಂದಿನ ಎಲ್ಲ ಅರ್ಧ ಟನ್ ಎಂಜಿನ್‌ಗಳೂ ಅಲ್ಲಿ ಸಾಕಷ್ಟಾಗುತ್ತವೆ. ಡೆನ್ವರ್‌ನವರ ಪರಿಸ್ಥಿತಿ ಬೇರೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ತನ್ನ ಶಕ್ತಿಯ ಸುಮಾರು 3 ಪ್ರತಿಶತವನ್ನು ಕಳೆದುಕೊಳ್ಳುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. 10,000 ಅಡಿಯಲ್ಲಿ ಫೋರ್ಡಿನ 5.0 ಲೀಟರ್ ವಿ8ರ 400 ಅಶ್ವಶಕ್ತಿ ಸುಮಾರು 280ಕ್ಕೂ, ಸಿಲ್ವರಾಡೊದ 5.3 ಲೀಟರ್ ವಿ8ರ 355 ಸುಮಾರು 250ಕ್ಕೂ ಇಳಿಯುತ್ತವೆ. ಅಂದರೆ ಮೊದಲನೆಯದು ಪೂರ್ತಿ ಕಿರುಚುತ್ತಾ ಹತ್ತುತ್ತದೆ, ಎರಡನೆಯದು ವೇಗ ಕಳೆದುಕೊಂಡು ಬಲಗಡೆಯ ಲೇನಿಗೆ ಸರಿಯುತ್ತದೆ. ಟರ್ಬೊ ಎಂಜಿನ್ ತೆಳುಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ಅದರ ನಷ್ಟ ಬಹಳ ಕಡಿಮೆ. 325 ಅಶ್ವಶಕ್ತಿಯ 2.7 ಲೀಟರ್ ವಿ6 ಆ ಎತ್ತರದಲ್ಲಿ 5.0 ಲೀಟರಿನ ವಿ8ಕ್ಕೆ ಸರಿಸಾಟಿಯಾಗಿ ನಿಲ್ಲುವುದು ಇದರಿಂದಲೇ. ಫೋರ್ಡಿನ ಟೋಯಿಂಗ್ ಕೈಪಿಡಿ 1,000 ಅಡಿಯಿಂದ ಮೇಲೆ ಪ್ರತಿ 1,000 ಅಡಿಗೆ ಟ್ರಕ್ಕು ಮತ್ತು ಟ್ರೇಲರಿನ ಒಟ್ಟು ತೂಕವನ್ನು 2 ಪ್ರತಿಶತ ಇಳಿಸಲು ಹೇಳುತ್ತದೆ, ಆ ಸಲಹೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಎಂಜಿನ್‌ಗಳ ಸ್ವಭಾವ

ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಈಗ ಈ ವರ್ಗದ ಮುಖ್ಯವಾಹಿನಿ. ಎಫ್-150ರಲ್ಲಿ ಇಕೊಬೂಸ್ಟ್ ಎಂಬ ಟರ್ಬೊ ವಿ6 ಮೊದಲು ಬಂದದ್ದು 2011ರ ಮಾದರಿಯಲ್ಲಿ. ಟೊಯೊಟಾ 2022ರ ಟಂಡ್ರಾದಲ್ಲಿ ವಿ8 ಅನ್ನು ಪೂರ್ತಿಯಾಗಿ ಬಿಟ್ಟು 3.4 ಲೀಟರಿನ ಜೋಡಿ ಟರ್ಬೊ ವಿ6ಕ್ಕೆ ಬದಲಾಯಿಸಿತು. ರ‍್ಯಾಮ್ 2025ರಲ್ಲಿ 5.7 ಲೀಟರ್ ಹೆಮಿ ವಿ8 ಅನ್ನು ಕೈಬಿಟ್ಟು 3.0 ಲೀಟರಿನ ಆರು ಸಿಲಿಂಡರ್ ಜೋಡಿ ಟರ್ಬೊ ಎಂಜಿನ್ನನ್ನು ತಂದರೂ 2026ಕ್ಕೆ ಹೆಮಿಯನ್ನು ಮರಳಿ ಪಟ್ಟಿಗೆ ಸೇರಿಸಿತು. ಟರ್ಬೊದ ಗುಣ ಟಾರ್ಕ್ ಬೇಗ ಸಿಗುವುದು. ಫೋರ್ಡಿನ 3.5 ಲೀಟರ್ ಇಕೊಬೂಸ್ಟ್ ತನ್ನ ಗರಿಷ್ಠವಾದ 500 ಪೌಂಡ್-ಅಡಿ ಟಾರ್ಕನ್ನು 3,100 ಆರ್‌ಪಿಎಂನಲ್ಲಿ ಕೊಡುತ್ತದೆ, 5.0 ಲೀಟರ್ ವಿ8 ತನ್ನ 410ಕ್ಕಾಗಿ 4,250ಕ್ಕೆ ಏರಬೇಕು. ಟ್ರೇಲರ್ ಕಟ್ಟಿಕೊಂಡು ದಿನವಿಡೀ ಓಡಿಸಿದಾಗ ಚಾಲಕನಿಗೆ ಉಳಿಯುವ ಆಯಾಸದಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಆದರೆ ಟರ್ಬೊ ಸತತವಾಗಿ ಒತ್ತಡದಲ್ಲಿ ದುಡಿಯುವಾಗ ಎಂಜಿನ್ ತನ್ನನ್ನು ತಂಪಾಗಿಟ್ಟುಕೊಳ್ಳಲು ಹೆಚ್ಚು ಇಂಧನ ಸುರಿದುಕೊಳ್ಳುತ್ತದೆ. ಖಾಲಿ ಓಡುವಾಗ ಗ್ಯಾಲನ್ನಿಗೆ 22 ಮೈಲು ಕೊಟ್ಟ ಎಂಜಿನ್ ಎತ್ತರದ ಕ್ಯಾಂಪರ್ ಕಟ್ಟಿದ ದಿನ 8ರಿಂದ 10 ಮೈಲಿಗೆ, ಅಂದರೆ ಲೀಟರಿಗೆ ಸುಮಾರು 4 ಕಿಲೊಮೀಟರಿಗೆ, ಇಳಿಯುವುದು ಇದರಿಂದಲೂ ಗಾಳಿಯ ಪ್ರತಿರೋಧದಿಂದಲೂ. ಭಾರ ಎಳೆಯುವಾಗ 87 ಆಕ್ಟೇನ್ ಬದಲು 91 ಅಥವಾ 93 ಹಾಕಿದರೆ ಟರ್ಬೊ ಎಂಜಿನ್‌ಗಳು ಬಿಸಿಲಿನಲ್ಲಿ ಶಕ್ತಿ ಉಳಿಸಿಕೊಳ್ಳುತ್ತವೆ, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ಟರ್ಬೊ ಇಲ್ಲದ ವಿ8ರ ಬಲ ಸರಳತೆಯಲ್ಲಿದೆ. ಟರ್ಬೊ, ಇಂಟರ್‌ಕೂಲರ್‌ಗಳ ಕೊಳವೆಗಳ ಜಾಲವಿಲ್ಲದ ಎಂಜಿನ್ನನ್ನು ಹದಿನೈದು ವರ್ಷ ಇಟ್ಟುಕೊಳ್ಳಲು ಬಯಸುವವರು, ಸಮುದ್ರಮಟ್ಟಕ್ಕೆ ಹತ್ತಿರದಲ್ಲಿ ವಾಸಿಸುವವರು, 6,000 ಪೌಂಡಿನೊಳಗಿನ ಟ್ರೇಲರನ್ನು ವರ್ಷಕ್ಕೆ ಕೆಲವೇ ಬಾರಿ ಎಳೆಯುವವರು ಇದನ್ನು ಸಂಕೋಚವಿಲ್ಲದೆ ಆರಿಸಬಹುದು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಇಳಿಸಿದಾಗ ದೊಡ್ಡ ಗಾತ್ರದ ಎಂಜಿನ್ ಸಣ್ಣ ಟರ್ಬೊ ಎಂಜಿನ್‌ಗಿಂತ ಚೆನ್ನಾಗಿ ವೇಗವನ್ನು ತಡೆಹಿಡಿಯುತ್ತದೆ ಎಂಬ ಗುಣವನ್ನು ಬಹಳ ಜನ ಮರೆಯುತ್ತಾರೆ. ಐಸೆನ್‌ಹೋವರ್ ಸುರಂಗದಿಂದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆ ಇಳಿಯುವ 7 ಪ್ರತಿಶತದ ಇಳಿಜಾರಿನಲ್ಲಿ, ಬ್ರೇಕ್ ವಿಫಲವಾದ ಲಾರಿಗಳಿಗಾಗಿ ಮಾಡಿರುವ ಪಕ್ಕದ ದಾರಿಗಳನ್ನು ನೋಡಿದವರಿಗೆ, ಹತ್ತುವ ಶಕ್ತಿಗಿಂತ ಇಳಿಯುವ ಹಿಡಿತವೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ತಿಳಿಯುತ್ತದೆ. ಕೆಲವು ಸಿಲಿಂಡರ್‌ಗಳನ್ನು ಅಗತ್ಯವಿಲ್ಲದಾಗ ನಿಲ್ಲಿಸಿ ಇಂಧನ ಉಳಿಸುವ ವ್ಯವಸ್ಥೆ ಹೆಮಿಯಲ್ಲೂ ಜನರಲ್ ಮೋಟಾರ್ಸ್‌ನ ವಿ8ಗಳಲ್ಲೂ ಇದೆ, ಆದರೆ ಭಾರ ಎಳೆಯುವಾಗ ಅದರಿಂದ ಉಳಿತಾಯ ನಿರೀಕ್ಷಿಸಬೇಡಿ, ಏಕೆಂದರೆ ಆಗ ಎಲ್ಲ ಸಿಲಿಂಡರ್‌ಗಳೂ ಬೇಕಾಗುತ್ತವೆ.

ಡೀಸೆಲ್ ಈ ವರ್ಗದಲ್ಲಿ ಅಲ್ಪಸಂಖ್ಯಾತವಾಗಿದೆ. ಫೋರ್ಡ್ ಎಫ್-150ರ 3.0 ಲೀಟರ್ ಡೀಸೆಲ್ 2021ರಲ್ಲಿ, ರ‍್ಯಾಮ್ 1500ರ ಇಕೊಡೀಸೆಲ್ 2023ರಲ್ಲಿ ನಿಂತುಹೋದವು. ಹೊಸದಾಗಿ ಕೊಳ್ಳುವವರಿಗೆ ಉಳಿದಿರುವುದು ಜನರಲ್ ಮೋಟಾರ್ಸ್‌ನ 3.0 ಲೀಟರ್ ಡ್ಯುರಾಮ್ಯಾಕ್ಸ್. 2020ರಲ್ಲಿ ಅದು 277 ಅಶ್ವಶಕ್ತಿ ಮತ್ತು 460 ಪೌಂಡ್-ಅಡಿ ಟಾರ್ಕಿನೊಂದಿಗೆ ಬಂದಾಗ, ಟೂ-ವೀಲ್ ಡ್ರೈವ್ ಸಿಲ್ವರಾಡೊಗೆ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 33 ಮೈಲು ಎಂಬ ಅಧಿಕೃತ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಅಂಕ ಸಿಕ್ಕಿತು. 2023ರ ಮಾದರಿಯಲ್ಲಿ ಶಕ್ತಿ 305ಕ್ಕೂ ಟಾರ್ಕ್ 495ಕ್ಕೂ ಏರಿದವು. ಭಾರ ಎಳೆಯುವಾಗ ಪೆಟ್ರೋಲ್ ಎಂಜಿನ್ 9 ಮೈಲಿಗೆ ಕುಸಿಯುವಲ್ಲಿ ಇದು 12-13ರ ಆಸುಪಾಸಿನಲ್ಲಿ ನಿಲ್ಲಬಲ್ಲದು. ಡೀಸೆಲ್ಲಿನ ಒಂದು ಗ್ಯಾಲನ್ನಿನಲ್ಲಿ ಪೆಟ್ರೋಲಿಗಿಂತ ಹತ್ತು ಹದಿನೈದು ಪ್ರತಿಶತ ಹೆಚ್ಚು ಶಕ್ತಿ ಇರುವುದೂ, ಭಾರದಡಿಯಲ್ಲಿ ಡೀಸೆಲ್ ಎಂಜಿನ್ ತನ್ನ ದಕ್ಷತೆಯನ್ನು ಉಳಿಸಿಕೊಳ್ಳುವುದೂ ಇದಕ್ಕೆ ಕಾರಣ. ಬೆಲೆ ತೆರಬೇಕಾದ ಜಾಗಗಳೂ ಇವೆ. ಹೊಗೆಯನ್ನು ಶುದ್ಧಗೊಳಿಸುವ ಡಿಇಎಫ್ ದ್ರವವನ್ನು ಆಗಾಗ ತುಂಬಬೇಕು. ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಆ ಮಸಿಯನ್ನು ಸುಟ್ಟು ತನ್ನನ್ನು ಶುಚಿಗೊಳಿಸಿಕೊಳ್ಳಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಓಡಬೇಕು, ಆದ್ದರಿಂದ ಮನೆಯಿಂದ ಮಕ್ಕಳ ಶಾಲೆಗೂ ಅಂಗಡಿಗೂ ಮೂರು ನಾಲ್ಕು ಮೈಲು ಮಾತ್ರ ಓಡಿಸುವವರಿಗೆ ಡೀಸೆಲ್ ತಕ್ಕದ್ದಲ್ಲ. ಮೊದಲ ಪೀಳಿಗೆಯ ಡ್ಯುರಾಮ್ಯಾಕ್ಸ್‌ನಲ್ಲಿ ಆಯಿಲ್ ಪಂಪನ್ನು ತಿರುಗಿಸುವ ಬೆಲ್ಟ್ ಎಂಜಿನ್ನಿನ ಹಿಂಬದಿಯಲ್ಲಿದ್ದು, ಅದನ್ನು 1,50,000 ಮೈಲಿಗೆ ಬದಲಿಸಬೇಕೆಂದು ಕಂಪನಿಯೇ ಹೇಳುತ್ತದೆ. ಅದಕ್ಕಾಗಿ ಗೇರ್‌ಬಾಕ್ಸನ್ನು ಇಳಿಸಬೇಕಾಗುತ್ತದೆ. ಹಳೆಯ ಡೀಸೆಲ್ ಕೊಳ್ಳುವವರು ಓಡೋಮೀಟರನ್ನು ಈ ದೃಷ್ಟಿಯಿಂದಲೂ ನೋಡಲಿ.

ಹೈಬ್ರಿಡ್ ಬಗ್ಗೆ ಸ್ಪಷ್ಟವಾದ ತಿಳಿವಳಿಕೆ ಬೇಕು. ಎಫ್-150 ಪವರ್‌ಬೂಸ್ಟ್‌ನಲ್ಲಿ ಗೇರ್‌ಬಾಕ್ಸಿನೊಳಗೆ 35 ಕಿಲೊವಾಟ್‌ನ ಮೋಟರ್ ಮತ್ತು 1.5 ಕಿಲೊವಾಟ್-ಗಂಟೆಯ ಸಣ್ಣ ಬ್ಯಾಟರಿ ಇವೆ, ಒಟ್ಟು 430 ಅಶ್ವಶಕ್ತಿ ಮತ್ತು 570 ಪೌಂಡ್-ಅಡಿ ಟಾರ್ಕ್. ಊರೊಳಗಿನ ನಿಂತು-ಹೊರಡುವ ಓಡಾಟದಲ್ಲಿ ಬ್ರೇಕ್ ಹಾಕಿದಾಗ ಸಿಕ್ಕ ಶಕ್ತಿಯನ್ನು ಅದು ಮತ್ತೆ ಬಳಸುತ್ತದೆ. 2021ರಲ್ಲಿ ಬಂದಾಗ ಟೂ-ವೀಲ್ ಡ್ರೈವ್ ಮಾದರಿಗೆ ನಗರದಲ್ಲೇ ಗ್ಯಾಲನ್ನಿಗೆ 25 ಮೈಲಿನ ಇಪಿಎ ಅಂಕ ದೊರೆತದ್ದು ಹಾಗೆ. ಹೆದ್ದಾರಿಯಲ್ಲಿ ಒಂದೇ ಸಮನೆ ಭಾರ ಎಳೆಯುವಾಗ ಮರಳಿ ಪಡೆಯಲು ಬ್ರೇಕ್ ಶಕ್ತಿಯೇ ಇರುವುದಿಲ್ಲ, ಉದ್ದದ ಏರಿನಲ್ಲಿ ಆ ಪುಟ್ಟ ಬ್ಯಾಟರಿ ಬೇಗ ಬರಿದಾಗುತ್ತದೆ, ಮತ್ತು ಆಮೇಲೆ ನೀವು ಓಡಿಸುತ್ತಿರುವುದು ಸ್ವಲ್ಪ ಹೆಚ್ಚು ತೂಕದ ಒಂದು 3.5 ಲೀಟರ್ ಟರ್ಬೊ ಟ್ರಕ್ಕನ್ನು. ಟಂಡ್ರಾದ ಹೈಬ್ರಿಡ್ ಇಂಧನಕ್ಕಿಂತ ಹೆಚ್ಚಾಗಿ ಬಲಕ್ಕಾಗಿಯೇ ರೂಪುಗೊಂಡದ್ದು. ಅದರ ಟಾರ್ಕ್ 583 ಪೌಂಡ್-ಅಡಿಯಾದರೂ ಮೈಲೇಜಿನ ಲಾಭ ಸಣ್ಣದು. ಆದರೂ ವಾರವಿಡೀ ನಗರದಲ್ಲಿ ಓಡಾಡಿ ರಜೆಯಲ್ಲಿ ಮಾತ್ರ ಟ್ರೇಲರ್ ಎಳೆಯುವವರಿಗೆ ಪವರ್‌ಬೂಸ್ಟ್ ಒಳ್ಳೆಯ ಆಯ್ಕೆ. ಅದರ ಹಿಂದಿನ ತೊಟ್ಟಿಯಲ್ಲಿ ಸಿಗುವ 7.2 ಕಿಲೊವಾಟ್‌ವರೆಗಿನ ವಿದ್ಯುತ್ತು ಶಿಬಿರದಲ್ಲಿ ಪ್ರತ್ಯೇಕ ಜನರೇಟರನ್ನು ಹೊರುವುದನ್ನೂ ತಪ್ಪಿಸುತ್ತದೆ.

ಟ್ರೇಲರ್ 3,500 ಪೌಂಡಿನೊಳಗೇ ಇದ್ದರೆ ಈ ದೊಡ್ಡ ಟ್ರಕ್ಕುಗಳೇ ಬೇಡ. 2.7 ಲೀಟರ್ ಟರ್ಬೊದ ಷೆವರ್ಲೆ ಕೊಲೊರಾಡೊ 7,700 ಪೌಂಡಿನವರೆಗೆ ಎಳೆಯುತ್ತದೆ; ಟೊಯೊಟಾ ಟಕೋಮಾ ಕೂಡ 6,500ರವರೆಗೆ ಎಳೆಯಬಲ್ಲದು.

ಇಂಧನದ ವಾರ್ಷಿಕ ಲೆಕ್ಕ

ಗ್ಯಾಲನ್ನಿಗೆ ಎಷ್ಟು ಮೈಲು ಎಂಬ ಅಳತೆ ಮನಸ್ಸನ್ನು ತಪ್ಪುದಾರಿಗೆ ಎಳೆಯುತ್ತದೆ. 15ರಿಂದ 20ಕ್ಕೆ ಏರಿದಾಗ ಉಳಿಯುವ ಇಂಧನ, 25ರಿಂದ 30ಕ್ಕೆ ಏರಿದಾಗ ಉಳಿಯುವುದಕ್ಕಿಂತ ಬಹಳ ಹೆಚ್ಚು. ಹೊಸ ಟ್ರಕ್ಕಿನ ಕಿಟಕಿಗೆ ಅಂಟಿಸಿದ ಇಪಿಎ ಚೀಟಿಯಲ್ಲಿ 100 ಮೈಲಿಗೆ ಎಷ್ಟು ಗ್ಯಾಲನ್ ಎಂಬ ಸಂಖ್ಯೆಯೂ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಹೋಲಿಸಿ ನೋಡಿ. ಅಂತಹ ಯಾವ ಚೀಟಿಯೂ ಭಾರ ಎಳೆಯುವಾಗಿನ ಮೈಲೇಜನ್ನು ಹೇಳುವುದಿಲ್ಲ ಎಂಬುದನ್ನೂ ನೆನಪಿಡಿ.

ಒಂದು ಕುಟುಂಬ ವರ್ಷಕ್ಕೆ 12,000 ಮೈಲು ಖಾಲಿ, 2,000 ಮೈಲು ಟ್ರೇಲರಿನೊಂದಿಗೆ ಓಡಿಸುತ್ತದೆ ಎಂದುಕೊಳ್ಳೋಣ. ವಿ8 ಖಾಲಿ ಇದ್ದಾಗ 20 ಮತ್ತು ಭಾರದಲ್ಲಿ 9 ಮೈಲು ಕೊಟ್ಟರೆ ಒಟ್ಟು 822 ಗ್ಯಾಲನ್ ಬೇಕು. 22 ಮತ್ತು 9 ಕೊಡುವ ಸಣ್ಣ ಟರ್ಬೊಗೆ 768, 24 ಮತ್ತು 9.5 ಕೊಡುವ ಹೈಬ್ರಿಡ್‌ಗೆ 711, 26 ಮತ್ತು 13 ಕೊಡುವ ಡೀಸೆಲ್‌ಗೆ 615 ಗ್ಯಾಲನ್ ಬೇಕು. ಪೆಟ್ರೋಲಿಗೆ 3.30 ಡಾಲರ್, ಡೀಸೆಲ್‌ಗೆ 3.80 ಡಾಲರ್ ಎಂದು ಇಟ್ಟುಕೊಂಡರೆ ವಿ8ಕ್ಕೆ ವರ್ಷಕ್ಕೆ ಸುಮಾರು 2,710, ಸಣ್ಣ ಟರ್ಬೊಗೆ 2,530, ಹೈಬ್ರಿಡ್ ಮತ್ತು ಡೀಸೆಲ್ ಎರಡಕ್ಕೂ ಹೆಚ್ಚುಕಡಿಮೆ 2,340 ಡಾಲರ್ ಆಗುತ್ತದೆ. ವಿ8ಗೂ ಅತ್ಯಂತ ಮಿತವ್ಯಯಿ ಎಂಜಿನ್ನಿಗೂ ನಡುವಿನ ಅಂತರ ವರ್ಷಕ್ಕೆ 370 ಡಾಲರ್ ಮಾತ್ರ. ಆ ಎಂಜಿನ್ನಿಗಾಗಿ ಕೊಳ್ಳುವಾಗಲೇ ಎರಡು ಮೂರು ಸಾವಿರ ಡಾಲರ್ ಹೆಚ್ಚು ಕೇಳಿದರೆ ಅದು ತೀರುವುದಕ್ಕೆ ಆರೇಳು ವರ್ಷ ಹಿಡಿಯುತ್ತದೆ.

ಈಗ ಅದೇ ಕುಟುಂಬ ಭಾರದೊಂದಿಗೆ 8,000 ಮೈಲು ಓಡಿಸಿದರೆ ಚಿತ್ರ ಬದಲಾಗುತ್ತದೆ. ವಿ8 ಸುಮಾರು 4,910, ಹೈಬ್ರಿಡ್ 4,430, ಡೀಸೆಲ್ 4,090 ಡಾಲರ್ ಕೇಳುತ್ತವೆ. ಡೀಸೆಲ್ ನಿಜವಾಗಿ ಮುಂದೆ ಸಾಗುವುದು ಇಲ್ಲಿ. ಭಾರದ ಮೈಲುಗಳು ಹೆಚ್ಚಿದಷ್ಟೂ ಅದರ ಅಂತರ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ಎರಡೂ ಇಂಧನಗಳ ಬೆಲೆ ಬೇರೆಯೇ ಆಗಿರುವುದರಿಂದ, ನಿಮ್ಮ ಊರಿನ ಬಂಕಿನ ಬೆಲೆಗಳನ್ನು ಹಾಕಿ ಈ ಲೆಕ್ಕವನ್ನು ನೀವೇ ಮಾಡಿ.

ಯಾವ ಎಂಜಿನ್ ಇದ್ದರೂ ವೇಗ ಇಳಿಸುವುದರಿಂದ ಆಗುವ ಉಳಿತಾಯ ದೊಡ್ಡದು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 65ರಿಂದ 75 ಮೈಲಿಗೆ ಹೋದರೆ ಅದು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಗಳಿಗೆ ಕಾನೂನಿನ ಮಿತಿಯೇ 55 ಮೈಲು. ಅದನ್ನು ಪಾಲಿಸುವವರ ಟ್ಯಾಂಕು ಹೆಚ್ಚು ದೂರ ಬರುತ್ತದೆ, ಟ್ರೇಲರಿನ ಟೈರುಗಳೂ ತಣ್ಣಗಿರುತ್ತವೆ.

ಆಕ್ಸಲ್ ಅನುಪಾತ ಮತ್ತು ಟೋ ಪ್ಯಾಕೇಜ್

ಒಂದೇ ಎಂಜಿನ್ನಿನ ಎರಡು ಟ್ರಕ್ಕುಗಳ ಎಳೆಯುವ ಸಾಮರ್ಥ್ಯದಲ್ಲಿ ಸಾವಿರಾರು ಪೌಂಡ್ ವ್ಯತ್ಯಾಸ ಇರಬಹುದು, ಮತ್ತು ಹಿಂದಿನ ಆಕ್ಸಲ್ ಅನುಪಾತ (ಚಕ್ರ ಒಮ್ಮೆ ಸುತ್ತಲು ಗೇರ್‌ಬಾಕ್ಸಿನಿಂದ ಬರುವ ದಂಡ ಎಷ್ಟು ಸುತ್ತಬೇಕು ಎಂಬ ಸಂಖ್ಯೆ) ಅದಕ್ಕೆ ಸಾಮಾನ್ಯ ಕಾರಣ. ರ‍್ಯಾಮ್ 1500ರಲ್ಲಿ 3.21, 3.55, 3.92 ಎಂಬ ಅನುಪಾತಗಳಿವೆ. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಹೆಚ್ಚು, ಖಾಲಿ ಓಟದ ಮೈಲೇಜ್ ಸ್ವಲ್ಪ ಕಡಿಮೆ. ಗೇರ್‌ಬಾಕ್ಸ್‌ಗಳಲ್ಲಿ ಎಂಟು ಹತ್ತು ಗೇರುಗಳು ಬಂದ ಮೇಲೆ ಆ ಮೈಲೇಜ್ ನಷ್ಟ ಮೊದಲಿನಷ್ಟು ಉಳಿದಿಲ್ಲವಾದ್ದರಿಂದ, ಟ್ರೇಲರ್ 6,000 ಪೌಂಡ್ ಮೀರುವುದಾದರೆ ನಡುವಿನ ಅಥವಾ ದೊಡ್ಡ ಅನುಪಾತವನ್ನೇ ಆರಿಸಿ. ಕಾರ್ಖಾನೆಯಲ್ಲೇ ಅಳವಡಿಸಿದ ಟೋ ಪ್ಯಾಕೇಜನ್ನು ಕೇಳಿ ಪಡೆಯಿರಿ. ಹೆಚ್ಚುವರಿ ತಂಪುಗೊಳಿಸುವ ವ್ಯವಸ್ಥೆ, ಟ್ರೇಲರ್ ಬ್ರೇಕ್ ನಿಯಂತ್ರಕ, ಏಳು ಪಿನ್ನಿನ ವೈರಿಂಗ್ ಇವೆಲ್ಲ ಮುಂದೆ ಹೊರಗಿನಿಂದ ಸೇರಿಸುವುದಕ್ಕಿಂತ ಅಲ್ಲೇ ಅಗ್ಗ, ಮತ್ತು ಹೊರಗೆ ಹಿಚ್ ಹಾಕಿಸಿದ ಮಾತ್ರಕ್ಕೆ ಟ್ರಕ್ಕಿನ ಅಧಿಕೃತ ಸಾಮರ್ಥ್ಯ ಏರುವುದಿಲ್ಲ.

ಹಣ ಕೊಡುವ ಮುನ್ನ, ಕೊಟ್ಟ ಮೇಲೆ

ಬಳಸಿದ ಟ್ರಕ್ಕಾದರೆ ಅದರ ವಿಐಎನ್ (ವಾಹನದ ಗುರುತಿನ) ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ, ಬಾಕಿ ಇರುವ ರೀಕಾಲ್‌ಗಳನ್ನು ನೋಡಿ. ಇದನ್ನು ಔಪಚಾರಿಕತೆ ಎಂದು ಬಗೆಯಬೇಡಿ. 2024ರ ಮೇ ತಿಂಗಳಲ್ಲಿ ಟೊಯೊಟಾ, ಎಂಜಿನ್ನಿನೊಳಗೆ ಉಳಿದ ಲೋಹದ ಚೂರುಗಳ ಕಾರಣ ಸುಮಾರು 1,02,000 ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ವಾಹನಗಳನ್ನು ಹಿಂದಕ್ಕೆ ಕರೆಯಿತು. 2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್, ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್‌ಗಳ ದೋಷದಿಂದ 2021ರಿಂದ 2024ರವರೆಗಿನ, 6.2 ಲೀಟರ್ ವಿ8 ಇರುವ ಸುಮಾರು 6 ಲಕ್ಷ ಟ್ರಕ್ಕು ಮತ್ತು ಎಸ್‌ಯುವಿಗಳನ್ನು ಕರೆಯಿತು. ದೋಷ ಸರಿಪಡಿಸಿದ ದಾಖಲೆ ಕೈಗೆ ಬರುವವರೆಗೆ ಅಂತಹ ಟ್ರಕ್ಕಿಗೆ ಮುಂಗಡ ಕೊಡಬೇಡಿ.

ಲೆಕ್ಕ ಮಾಡಿದ ಮೇಲೆ ಟ್ರೇಲರ್ 9,000 ಪೌಂಡಿನ ಹತ್ತಿರ ಬಂದರೆ, ಅಥವಾ ನಿಮಗೆ ಬೇಕಾದ ಪೇಲೋಡ್ 2,000 ಪೌಂಡ್ ಮೀರಿದರೆ, ಅರ್ಧ ಟನ್ ಟ್ರಕ್ಕಿನಲ್ಲಿ ಎಂಜಿನ್ ಹುಡುಕುವುದನ್ನು ನಿಲ್ಲಿಸಿ, ಎಫ್-250, ರ‍್ಯಾಮ್ 2500, ಸಿಲ್ವರಾಡೊ 2500 ಇರುವ ಮೇಲಿನ ವರ್ಗವನ್ನು ನೋಡಿ. (ಟ್ರೇಲರ್ ಬಿಟ್ಟು) 8,500 ಪೌಂಡಿಗಿಂತ ಹೆಚ್ಚು ಗರಿಷ್ಠ ಒಟ್ಟು ತೂಕದ ಪಿಕಪ್‌ಗಳಿಗೆ ಇಪಿಎ ಮೈಲೇಜ್ ಚೀಟಿ ಇರುವುದಿಲ್ಲ. ಅಲ್ಲಿ ಮಾಲೀಕರ ಅನುಭವ ಮತ್ತು ನಿಮ್ಮದೇ ಲೆಕ್ಕವೇ ಆಧಾರ.

ಟ್ರಕ್ಕು ಮನೆಗೆ ಬಂದ ಮೇಲೆ, ಮೊದಲ ದೀರ್ಘ ಪ್ರಯಾಣಕ್ಕೆ ಮುನ್ನ, ನೀರು ಮತ್ತು ಸಾಮಾನು ತುಂಬಿ, ಮನೆಯವರೆಲ್ಲರನ್ನೂ ಕೂರಿಸಿಕೊಂಡು ಹೆದ್ದಾರಿ ಬದಿಯ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ತೂಕದ ಸೇತುವೆಗೆ ಹೋಗಿ. ಒಮ್ಮೆ ಟ್ರೇಲರ್ ಕಟ್ಟಿ ತೂಗಿಸಿ, ಇನ್ನೊಮ್ಮೆ ಅದನ್ನು ಬಿಚ್ಚಿ ಟ್ರಕ್ಕನ್ನು ಮಾತ್ರ ತೂಗಿಸಿ. ಭಾರ ಹಂಚುವ ಹಿಚ್ ಇದ್ದರೆ ಅದರ ಸರಳುಗಳನ್ನು ಸಡಿಲಿಸಿ ಕಟ್ಟಿದ ಸ್ಥಿತಿಯಲ್ಲೂ ಒಂದು ಸಲ ತೂಗಿಸಿ. ಸರಳುಗಳು ಸಡಿಲವಾಗಿದ್ದಾಗ ಟ್ರಕ್ಕಿನ ಎರಡು ಆಕ್ಸಲ್‌ಗಳ ಮೇಲೆ ಕಂಡ ಮೊತ್ತದಿಂದ ಟ್ರಕ್ಕಿನ ಸ್ವಂತ ತೂಕವನ್ನು ಕಳೆದರೆ ಹಿಚ್ ಮೇಲಿನ ನಿಜವಾದ ಭಾರ ಸಿಗುತ್ತದೆ. ಅದು ಟ್ರೇಲರಿನ ತೂಕದ 15 ಪ್ರತಿಶತ ಮೀರಿದರೆ ಮುಂದಿನ ಪೆಟ್ಟಿಗೆಯ ಸಾಮಾನನ್ನು ಟ್ರೇಲರಿನ ಆಕ್ಸಲ್ ಕಡೆಗೆ ಸರಿಸಿ, 10ಕ್ಕಿಂತ ಕಡಿಮೆಯಾದರೆ ಹಿಂದಿನದನ್ನು ಮುಂದಕ್ಕೆ ತನ್ನಿ, ಮತ್ತು ಹೆದ್ದಾರಿಗೆ ಇಳಿಯುವ ಮುನ್ನ ಮತ್ತೊಮ್ಮೆ ತೂಗಿಸಿ.